ಅಮ್ಮಾ, ನಿನ್ನ ಮಾತು ಅವನಿಗೆ ರೋಗ ತರಲಿಲ್ಲ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ,

ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ, ದಪ್ಪ ಕೋಟು ಇದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಕಾಲುನೋವು ಈಗಿಲ್ಲ. ಅಜ್ಜಿಗೆ, ಚಿಕ್ಕಮ್ಮನಿಗೆ, ರೂತಕ್ಕನ ಮಕ್ಕಳಿಗೆ ನನ್ನ ಪ್ರೀತಿ ಹೇಳು.

ನೀನು ಬರೆದ ನಾಲ್ಕು ಪುಟವನ್ನು ಚಿಕ್ಕಮ್ಮನ ಮಗಳು ಫೋಟೊ ತೆಗೆದು ಕಳಿಸಿದ್ದಳು. ಗುರುವಾರ ರಾತ್ರಿ ಪಾಳಿ ಮುಗಿಸಿ ಬಂದವಳು ಬೂಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೇ ಕೂತು ಓದಿದೆ. ಮೂರನೇ ಪುಟದಲ್ಲಿ ಶಾಯಿ ಹರಡಿದೆ. ಸುನಿಯ ಹೆಸರಿನ ಮೇಲೇ ಹರಡಿದೆ. ನೀನು ಅತ್ತುಕೊಂಡೇ ಬರೆದಿದ್ದೀಯ ಅಂತ ಗೊತ್ತಾಯಿತು. ಫೋನ್‌ನಲ್ಲಿ ಮಾತಾಡೋಣ ಅಂದುಕೊಂಡೆ. ಆದರೆ ಫೋನ್ ಹಿಡಿದರೆ ನಾವಿಬ್ಬರೂ ಅರ್ಧ ಮಾತು ನುಂಗಿಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬಳೇ ಇದ್ದಾಗ ನಿಧಾನವಾಗಿ ಓದು, ಆಮೇಲೆ ಅಪ್ಪನಿಗೆ ಕೊಡು.

ನೀನು ಬರೆದದ್ದು ಇಷ್ಟು. ಆವತ್ತು ಜಗಳದಲ್ಲಿ ಸುನಿಗೆ "ನಿನಗೆ ಯಾವತ್ತೂ ಒಳ್ಳೇದಾಗಲ್ಲ, ಬರೆದಿಟ್ಟುಕೋ" ಅಂದುಬಿಟ್ಟೆ. ಮೂರು ವಾರಕ್ಕೆ ಅವನಿಗೆ ಕೆಮ್ಮು ಶುರುವಾಯಿತು. ಆಮೇಲೆ ಸಂಜೆ ಸಂಜೆ ಜ್ವರ, ಆಮೇಲೆ ಕಫದ ಪರೀಕ್ಷೆ, ಟಿಬಿ ಅಂತ ಬಂತು. ಪ್ರಾರ್ಥನಾ ಕೂಟದಲ್ಲಿ ಒಬ್ಬರು ನಿನ್ನ ಕೈ ಹಿಡಿದು, ಜೀವನ ಮರಣ ಎರಡೂ ನಾಲಿಗೆಯ ವಶ ಅಂತ ಬರೆದಿದೆಯಲ್ಲ, ಇದು ನಿಮ್ಮ ಬಾಯಿಂದಲೇ ಬಂದದ್ದು ಅಂದರು. ಈಗ ಮನೆಯಲ್ಲಿ ಆ ರೋಗದ ಹೆಸರನ್ನೇ ಯಾರೂ ಎತ್ತಬಾರದು, ಸುನಿ ದಿನಾ "ನಾನು ವಾಸಿಯಾಗಿದ್ದೇನೆ" ಅಂತ ಗಟ್ಟಿಯಾಗಿ ಹೇಳಬೇಕು, ಹಾಗೆ ಹೇಳಿದ ಮೇಲೂ ಮಾತ್ರೆ ನುಂಗಿದರೆ ನಮ್ಮ ಮಾತನ್ನು ನಾವೇ ನಂಬದ ಹಾಗಾಗುತ್ತೆ ಅಂದರಂತೆ. ಅವನು ಮೂರು ದಿನದಿಂದ ಮಾತ್ರೆ ಬಿಟ್ಟಿದ್ದಾನೆ. ಕೊನೆಯ ಸಾಲನ್ನು ನೀನು ತುಂಬಾ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ. "ನನ್ನ ಮಗನಿಗೆ ನಾನೇ ಹೀಗೆ ಮಾಡಿದೆನಾ?"

ಇಲ್ಲ ಅಮ್ಮಾ. ನೀನು ಮಾಡಲಿಲ್ಲ.

ಮೊದಲು ನರ್ಸ್ ಆಗಿ ಹೇಳುತ್ತೇನೆ, ಮಗಳಾಗಿ ಆಮೇಲೆ. ಟಿಬಿ ಬರುವುದು ಒಂದು ಕ್ರಿಮಿಯಿಂದ. ಅದನ್ನು ಕಂಡುಹಿಡಿದದ್ದು ನಾನಿರುವ ಇದೇ ಜರ್ಮನಿಯಲ್ಲಿ ಗೊತ್ತಾ, 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅನ್ನೋ ವೈದ್ಯರು ಅದನ್ನು ಜಗತ್ತಿಗೆ ಹೇಳಿದರು. ಅದಕ್ಕೇ ಇವತ್ತಿಗೂ ಮಾರ್ಚ್ 24 ಕ್ಷಯರೋಗ ದಿನ. ಆ ರೋಗ ಇರುವವರು ಕೆಮ್ಮಿದಾಗ ಕ್ರಿಮಿ ಗಾಳಿಯಲ್ಲಿ ಬರುತ್ತದೆ, ಹತ್ತಿರ ಇದ್ದವರು ಉಸಿರಾಡುತ್ತಾರೆ. ಒಳಗೆ ಹೋದ ಕೂಡಲೇ ಕಾಯಿಲೆ ಆಗಲೇಬೇಕು ಅಂತಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ನೆ ಕೂತಿದ್ದು ಆಮೇಲೆ ಎದ್ದದ್ದೂ ಉಂಟು. ಸುನಿಯ ಎದೆಯೊಳಗೆ ಅದು ನಿಮ್ಮ ಜಗಳಕ್ಕೆ ಎಷ್ಟೋ ಮೊದಲೇ ಸೇರಿಕೊಂಡಿರಬಹುದು. ನೀನು ಆವತ್ತು ಅವನನ್ನು ಮುದ್ದು ಮಾಡಿದ್ದರೂ ಅವನು ಕೆಮ್ಮುತ್ತಿದ್ದ.

ಇನ್ನು ಮಾತ್ರೆ. ಒಟ್ಟು ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಮದ್ದು, ಆಮೇಲಿನ ನಾಲ್ಕು ತಿಂಗಳು ಸ್ವಲ್ಪ ಕಡಿಮೆ. ಒಂದೆರಡು ತಿಂಗಳಿಗೇ ಹಸಿವಾಗುತ್ತದೆ, ಜ್ವರ ನಿಲ್ಲುತ್ತದೆ, ಮೈಗೆ ಬಲ ಬಂದ ಹಾಗೆ ಅನ್ನಿಸುತ್ತದೆ, ಅಲ್ಲೇ ಎಲ್ಲರೂ ಮೋಸ ಹೋಗುವುದು. ಅಲ್ಲಿಗೆ ಬಿಟ್ಟರೆ ಉಳಿದ ಕ್ರಿಮಿಗಳು ಮದ್ದಿಗೆ ಜಗ್ಗದ ಹಾಗೆ ಬಲಿಯುತ್ತವೆ. ಗುರುವಾರವೇ ಸುನಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಹೋಗಿ ಡಾಕ್ಟರಿಗೆ ಬಿಟ್ಟ ದಿನಗಳನ್ನು ಮುಚ್ಚಿಡದೆ ಹೇಳು ಅಂದೆ. ಹೂಂ ಅಂದ. ಉಚ್ಚೆ ಕೆಂಪಾಗಿ ಹೋಗುತ್ತೆ ಅಂತ ಹೆದರಿದ್ದ, ಅದು ಒಂದು ಮದ್ದಿನ ಬಣ್ಣ, ರಕ್ತ ಅಲ್ಲ ಅಂದೆ. ನೀನೂ ಅಪ್ಪನೂ ಅಜ್ಜಿಯೂ ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಬೇಕು, ಒಂದೇ ಮನೆಯಲ್ಲಿ ಇದ್ದೀರಲ್ಲ. ಹೆದರಬೇಡ. ಪೂರ್ತಿ ಮದ್ದು ತಗೊಂಡರೆ ಇದು ವಾಸಿಯಾಗುವ ರೋಗ. ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಈಗ ಮಾತಿನ ವಿಷಯ. ನಿನ್ನನ್ನು ನಿದ್ದೆಗೆಡಿಸಿರುವುದು ಅದೇ ಅಲ್ವಾ.

ಕೂಟದವರ ಹಾಗೇ ಯೇಸುವಿನ ಶಿಷ್ಯರೂ ಒಮ್ಮೆ ಕೇಳಿದ್ದರು. ಹುಟ್ಟು ಕುರುಡನನ್ನು ನೋಡಿ, ಇವನು ಪಾಪ ಮಾಡಿದನೋ ಇವನ ತಂದೆತಾಯಿ ಮಾಡಿದರೋ ಅಂದರು. ಯೇಸು ಏನು ಹೇಳಿದ? ಇವನೂ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ. ಯೋಹಾನ 9ನೇ ಅಧ್ಯಾಯ, ಇವತ್ತೇ ತೆಗೆದು ಓದು. ಆ ತಾಯಿ ಎಷ್ಟು ವರ್ಷ ಆ ಪ್ರಶ್ನೆ ಹೊತ್ತುಕೊಂಡು ತಿರುಗಿದ್ದಳೋ. ಯೇಸು ಕಣ್ಣು ಕೊಡುವ ಮೊದಲೇ ಆ ಹೊರೆ ಇಳಿಸಿದ. ಜ್ಞಾನೋಕ್ತಿ 26ರಲ್ಲಿ ಇನ್ನೊಂದಿದೆ. ಕಾರಣವಿಲ್ಲದ ಶಾಪ ಹಾರಾಡುವ ಗುಬ್ಬಿಯ ಹಾಗೆ, ಎಲ್ಲೂ ಬಂದು ಕೂರುವುದಿಲ್ಲ ಅಂತ. ಬಿಳಾಮನಂಥವನೇ ಇಸ್ರಾಯೇಲ್ಯರನ್ನು ಶಪಿಸೋಕೆ ಅಂತ ಹಣದ ಆಸೆಯಿಂದ ಬೆಟ್ಟ ಹತ್ತಿ ಬಾಯಿ ತೆರೆದರೆ ಆಶೀರ್ವಾದ ಬಂತು. ಬೇಕಂತಲೇ ಶಪಿಸಲು ಹೋದವನ ಮಾತೇ ನಾಟಲಿಲ್ಲ. ಸುಸ್ತಾಗಿ, ಸಿಟ್ಟಿನಲ್ಲಿ, ಮಗ ಹಾಳಾಗ್ತಾನಲ್ಲ ಅನ್ನೋ ಸಂಕಟದಲ್ಲಿ ಒಬ್ಬ ತಾಯಿ ಆಡಿದ ಮಾತನ್ನು ದೇವರು ಹಿಡಿದುಕೊಂಡು ಆ ಮಗನ ಎದೆಗೆ ರೋಗ ಹಾಕುತ್ತಾನಾ? ಅಂಥ ದೇವರನ್ನು ನೀನು ನಮಗೆ ಕಲಿಸಿರಲಿಲ್ಲ.

ಹಾಗಂತ ಮಾತಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ. ದೇವರು ಬೆಳಕಾಗಲಿ ಅಂದದ್ದರಿಂದಲೇ ನಮ್ಮ ಸತ್ಯವೇದ ಶುರುವಾಗುವುದು. ಯಾಕೋಬನ ಪತ್ರದಲ್ಲಿ ನಾಲಿಗೆಯನ್ನು ಸಣ್ಣ ಕಿಡಿಗೆ ಹೋಲಿಸಿದ್ದಾನೆ, ಇಡೀ ಕಾಡು ಸುಡುವ ಕಿಡಿಗೆ. ಅದು ನನಗೆ ಇಲ್ಲಿ ಬಂದ ಮೇಲೆ ಚೆನ್ನಾಗಿ ಅರ್ಥವಾಯಿತು. ಕೆಲಸಕ್ಕೆ ಸೇರಿದ ಎರಡನೇ ವಾರ ಒಬ್ಬರು "ಈ ಭಾಷೆ ನಿನ್ನ ಬಾಯಿಗೆ ಬರಲ್ಲ" ಅಂದರು. ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ಅದಾದ ಮೇಲೆ ಎಷ್ಟೋ ತಿಂಗಳು ವಾರ್ಡಿನ ಫೋನ್ ರಿಂಗಾದರೆ ನನ್ನ ಅಂಗೈ ಬೆವರುತ್ತಿತ್ತು. ಗೊತ್ತಿರುವ ಪದವೂ ಗಂಟಲಲ್ಲೇ ನಿಲ್ಲುತ್ತಿತ್ತು. ನಿಮಗೆ ಆಗ ಹೇಳಲಿಲ್ಲ, ಚಿಂತೆ ಮಾಡುತ್ತೀರಿ ಅಂತ. ಈಗ ಎಲ್ಲ ಸರಿಹೋಗಿದೆ, ಈಗ ರೋಗಿಗಳ ಮನೆಯವರ ಜೊತೆ ನಾನೇ ಮಾತಾಡುವುದು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಒಂದು ಮಾತೇ. ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಪ್ಪ ನನ್ನ ತಲೆ ಮೇಲೆ ಕೈ ಇಟ್ಟರಲ್ಲ, ನೆನಪಿದೆಯಾ? ಜನ ಟ್ರಾಲಿ ತಳ್ಳಿಕೊಂಡು ಓಡಾಡುತ್ತಿದ್ದರು. ಅಪ್ಪ ಯಾರನ್ನೂ ನೋಡಲಿಲ್ಲ. "ಕರ್ತನು ನಿನ್ನ ಮುಂದೆ ಹೋಗ್ತಾನೆ, ಹೋಗಿ ಬಾ ಮಗಳೇ" ಅಂದರು. ದಿನಕ್ಕೆ ಹತ್ತು ಮಾತು ಆಡದ ಮನುಷ್ಯ. ಆ ಕೈಯ ಭಾರ ಇವತ್ತಿಗೂ ನನ್ನ ನೆತ್ತಿ ಮೇಲೆ ಇದೆ. ಫೋನ್ ರಿಂಗಾದಾಗ ಅದನ್ನೇ ಒಳಗೊಳಗೆ ಹೇಳಿಕೊಂಡು ರಿಸೀವರ್ ಎತ್ತುತ್ತಿದ್ದೆ.

ಇನ್ನೊಂದು ಹೇಳಬೇಕು. ವಾರ್ಡಿನಲ್ಲಿ ಒಬ್ಬರು ಅಜ್ಜಿ ಇದ್ದರು, ಮರೆವಿನ ಕಾಯಿಲೆ. ಮಗಳ ಹೆಸರು ಕೂಡ ಮರೆತಿದ್ದರು. ನಾನು ನೋಡಿಕೊಂಡಷ್ಟು ದಿನ ಅವರ ಬಾಯಿಂದ ಒಂದು ಪದ ಕೇಳಿರಲಿಲ್ಲ. ಒಂದು ಸಂಜೆ ಪಾದ್ರಿಯವರು ಬಂದು ಮಂಚದ ಪಕ್ಕ ಕೂತು "ಫಾಟರ್ ಉನ್ಸರ್" ಅಂತ ಕರ್ತನ ಪ್ರಾರ್ಥನೆ ಶುರು ಮಾಡಿದರು. ನಾನು ದಿಂಬು ಸರಿ ಮಾಡುತ್ತಿದ್ದೆ. ಅಜ್ಜಿಯ ತುಟಿ ಅಲುಗಿತು. ಅನುದಿನದ ಆಹಾರ ಕೇಳುವ ಸಾಲು ಬರುವ ಹೊತ್ತಿಗೆ ದನಿಯೇ ಹೊರಟಿತು, ಒಣಗಿದ ಗಂಟಲಿನ ದನಿ, ಆಮೆನ್‌ವರೆಗೂ ಒಂದು ಪದ ತಪ್ಪಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಚಿಕ್ಕವರಿದ್ದಾಗ ಅವರ ತಾಯಿ ಮಲಗಿಸುವ ಮುಂಚೆ ಹೇಳಿಕೊಟ್ಟದ್ದಿರಬೇಕು. ಎಲ್ಲ ಅಳಿಸಿಹೋದ ಮೇಲೂ ಅದು ಉಳಿದಿತ್ತು.

ನನಗೆ ಆವತ್ತು ನೀನೇ ಕಣ್ಣ ಮುಂದೆ ಬಂದೆ ಅಮ್ಮಾ. ದೀಪ ಆರಿಸಿದ ಮೇಲೆ ನನ್ನ ಮತ್ತು ಸುನಿಯ ನಡುವೆ ಮಲಗಿ 23ನೇ ಕೀರ್ತನೆಯನ್ನು ಒಂದೊಂದೇ ಸಾಲು ಹೇಳಿಸುತ್ತಿದ್ದೆ. ಸುನಿಗೆ "ಕಾರ್ಗತ್ತಲೆ" ಅನ್ನೋಕೆ ಬರದೆ ಏನೇನೋ ಅನ್ನುತ್ತಿದ್ದ. ನಾಲ್ಕು ವರ್ಷವೋ ಐದು ವರ್ಷವೋ, ಪ್ರತಿ ರಾತ್ರಿ. ನೀನು ಆಡಿದ ಒಂದು ಕೆಟ್ಟ ಮಾತನ್ನು ಮಾತ್ರ ಎಣಿಸುತ್ತೀಯಲ್ಲ, ಅಷ್ಟು ರಾತ್ರಿಗಳ ಮಾತನ್ನು ಯಾಕೆ ಎಣಿಸುವುದಿಲ್ಲ? ನಾಲಿಗೆಯ ವಶ ಅಂತ ವಾಕ್ಯ ಹೇಳಿದವರು ಅದರಲ್ಲಿರುವ ಮರಣವನ್ನೇ ಹಿಡಿದುಕೊಂಡರು, ಜೀವವನ್ನು ನಿನಗೆ ತೋರಿಸಲಿಲ್ಲ ಅನ್ನೋದೇ ನನಗೆ ಜಾಸ್ತಿ ಬೇಜಾರು.

ಈಗ ಕಷ್ಟದ ಮಾತು. ಕೋಪ ಮಾಡಿಕೊಳ್ಳಬೇಡ.

ನಿನ್ನ ಮಾತು ಅವನ ಶ್ವಾಸಕೋಶಕ್ಕೆ ಹೋಗಲಿಲ್ಲ ನಿಜ. ಮನಸ್ಸಿಗೆ ಹೋಗಿದೆ. ಗುರುವಾರ ಫೋನ್ ಇಡುವ ಮುಂಚೆ ಅವನೇ ಅಂದ, "ಅಕ್ಕಾ, ಅಮ್ಮ ಹೇಳಿದ್ದು ನಿಜ ತಾನೇ, ನನಗೆ ಯಾವುದು ತಾನೇ ಒಳ್ಳೇದಾಗಿದೆ" ಅಂತ. ಮಾತ್ರೆ ಬಿಟ್ಟದ್ದಕ್ಕೆ ಕೂಟದವರ ಮಾತು ಅರ್ಧ ಕಾರಣ, ಇದು ಇನ್ನರ್ಧ ಅಂತ ನನಗೆ ಅನ್ನಿಸುತ್ತದೆ. ಒಳ್ಳೇದಾಗೋದೇ ಇಲ್ಲ ಅಂದುಕೊಂಡವನು ಆರು ತಿಂಗಳು ಮಾತ್ರೆ ನುಂಗುವುದು ಕಷ್ಟ. ನಾನೂ ಅವನಿಗೆ ಒಳ್ಳೆಯ ಅಕ್ಕ ಆಗಲಿಲ್ಲ. ಮಾತ್ರೆ ಬಿಟ್ಟಿದ್ದಾನೆ ಅಂತ ಕೇಳಿದ ಕೂಡಲೇ "ನಿನಗೆ ಬುದ್ಧಿ ಇದೆಯಾ" ಅಂತ ರೇಗಿದೆ. ರಾತ್ರಿ ಮತ್ತೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಅಲ್ಲಿ ಈಗ ಗಂಟೆ ಎಷ್ಟಕ್ಕಾ ಅಂದ. ಅದು ಅವನು ಕ್ಷಮಿಸುವ ರೀತಿ, ನಿನಗೆ ಗೊತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನೀನೇ ಬರೆದಿದ್ದೀಯ. ಗಾದೆ ಸುಳ್ಳಲ್ಲ. ಆದರೆ ಪೇತ್ರನನ್ನು ನೆನಪಿಸಿಕೋ. ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತು ಮೂರು ಸಲ ಆ ಮನುಷ್ಯನನ್ನು ನಾನರಿಯೆ ಅಂದ. ಕೊನೆಯ ಸಲ ಶಪಿಸಿಕೊಂಡು ಆಣೆ ಇಟ್ಟು ಅಂದ ಅಂತ ಮಾರ್ಕ ಬರೆದಿದ್ದಾನೆ. ಒಡೆದ ಮುತ್ತು ಅದು. ಯೇಸು ಎದ್ದು ಬಂದ ಮೇಲೆ ಏನು ಮಾಡಿದ? ಆ ವಿಷಯ ಎತ್ತಿ ಬೈಯಲಿಲ್ಲ. ಏನೂ ನಡೆದೇ ಇಲ್ಲ ಅನ್ನೋ ಹಾಗೂ ಇರಲಿಲ್ಲ. ದಡದಲ್ಲಿ ಮತ್ತೆ ಇದ್ದಲ ಬೆಂಕಿ ಹಾಕಿ ಕೂರಿಸಿಕೊಂಡು "ನನ್ನನ್ನು ಪ್ರೀತಿಸುತ್ತೀಯಾ" ಅಂತ ಮೂರು ಸಲ ಕೇಳಿದ. ಇಲ್ಲ ಅಂದ ಅದೇ ಬಾಯಿಂದ ಮೂರು ಸಲ ಹೌದು ಅನ್ನಿಸಿದ. ಮೂರನೇ ಸಲಕ್ಕೆ ಪೇತ್ರನಿಗೆ ದುಃಖವಾಯಿತು ಅಂತ ಇದೆ. ಆಗಲೇಬೇಕು, ಗಾಯ ತೊಳೆಯುವಾಗ ಉರಿಯುತ್ತದೆ. ದಿನಾ ನೋಡುತ್ತೇನಲ್ಲ.

ಹಾಗಾಗಿ ನೀನು ಕೋಣೆಯಲ್ಲಿ ಒಬ್ಬಳೇ ಕೂತು ಆ ಮಾತನ್ನು ರದ್ದು ಮಾಡುತ್ತೇನೆ ಅಂತ ನೂರು ಸಲ ಹೇಳುವುದು ಬೇಡ. ನಾವು ಬಾಯಿಗೆ ಬಂದದ್ದು ಅಂದಾಗಲೆಲ್ಲ ಅಜ್ಜಿ "ಬಿಡ್ತು ಅನ್ನು" ಅನ್ನುತ್ತಿದ್ದರಲ್ಲ, ಬಿಡ್ತು ಅಂದು ಓಡಿಹೋಗುತ್ತಿದ್ದೆವು. ಅಷ್ಟಕ್ಕೆ ಇದು ಮುಗಿಯುವುದಿಲ್ಲ. ಆ ಮಾತು ಗಾಳಿಯಲ್ಲಿ ಇಲ್ಲ, ಸುನಿಯ ಹತ್ತಿರ ಇದೆ. ಅವನ ಹತ್ತಿರವೇ ಹೋಗು.

ಕೂಟದಲ್ಲಿ ಹೇಳಿದ ಇನ್ನೊಂದು ಮಾತಿಗೂ ಉತ್ತರ ಬರೆಯುತ್ತೇನೆ, ನೀನು ಅದನ್ನು ಮೂರು ಕಡೆ ಬರೆದಿದ್ದೀಯ. ರೋಗದ ಹೆಸರನ್ನು ಬಾಯಲ್ಲಿ ಹೇಳಿದರೆ ನಂಬಿಕೆ ಇಲ್ಲ ಅಂತ ಆಗುತ್ತದಾ? ಅವರು ತೋರಿಸುವುದು ರೋಮಾಪುರ 4:17, ಇಲ್ಲದ್ದನ್ನು ಇರುವುದಾಗಿ ಕರೆಯುವ ದೇವರು ಅಂತ. ಕರೆಯುವವನು ದೇವರು, ಅಬ್ರಹಾಮನಲ್ಲ. ಎರಡೇ ವಚನ ಮುಂದೆ ಹೋಗು. ಅಬ್ರಹಾಮ ತನ್ನ ದೇಹ ಸತ್ತ ಹಾಗೇ ಆಗಿದೆ, ಸಾರಳ ಗರ್ಭವೂ ಹಾಗೇ ಅಂತ ಯೋಚಿಸಿ ನೋಡಿದ, ಆದರೂ ನಂಬಿಕೆಯಲ್ಲಿ ಕುಗ್ಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡಿದ. ಬಾರ್ತಿಮಾಯ ಕುರುಡ ಅಂತ ಯೇಸುವಿಗೆ ಕಾಣುತ್ತಿರಲಿಲ್ಲವಾ? ಆದರೂ "ನಾನು ನಿನಗೆ ಏನು ಮಾಡಬೇಕು" ಅಂತ ಕೇಳಿ ಅವನ ಬಾಯಿಂದಲೇ ಹೇಳಿಸಿದ. ಪೌಲ ತಿಮೊಥೆಯನಿಗೆ ನಿನ್ನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ, ಅದು ಆ ಕಾಲದ ಮದ್ದು. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತಲೂ ಬರೆದ. ಬೆಟ್ಟಕ್ಕೆ ಹೇಳಿದರೆ ಸಮುದ್ರಕ್ಕೆ ಬೀಳುತ್ತದೆ ಅನ್ನೋ ಮಾರ್ಕ 11ರ ವಚನ ಅವರ ಬಾಯಲ್ಲಿ ಯಾವಾಗಲೂ ಇರುತ್ತದೆ. ಅದಕ್ಕೆ ಮುಂಚಿನ ಮಾತು ದೇವರಲ್ಲಿ ನಂಬಿಕೆ ಇಡಿ ಅಂತ, ಮಾತಿನಲ್ಲಿ ನಂಬಿಕೆ ಇಡಿ ಅಂತಲ್ಲ. ಆಮೇಲಿನ ಮಾತು, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿ ಅಂತ. ಅದನ್ನು ಯಾಕೋ ಯಾರೂ ಓದುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾಯೀರನ ಮಗಳ ಕಥೆ. ಹನ್ನೆರಡು ವರ್ಷದ ಹುಡುಗಿ, ಉಸಿರು ನಿಂತಿದೆ. ಯೇಸು "ತಲಿಥಾ ಕೂಮ್", ಅಂದರೆ ಹುಡುಗೀ ಏಳು, ಅಂದ, ಎದ್ದು ಓಡಾಡಿದಳು. ಅಷ್ಟು ಶಕ್ತಿಯ ಮಾತು ಲೋಕದಲ್ಲಿ ಯಾರ ಬಾಯಿಂದಲೂ ಬಂದಿಲ್ಲ. ಅದರ ಮುಂದಿನ ಮಾತು ಏನು ಗೊತ್ತಾ? ಇವಳಿಗೆ ತಿನ್ನಲು ಕೊಡಿ ಅಂದ. ಸತ್ತವಳನ್ನು ಎಬ್ಬಿಸಿದವನೇ ಹೊಟ್ಟೆಗೆ ಹಾಕಿ ಅಂತ ಮನೆಯವರಿಗೆ ಕೆಲಸ ಕೊಟ್ಟ. ಯೇಸುವಿನ ಹೆಸರಲ್ಲಿ ವಾಸಿಯಾಗಲಿ ಅಂತ ಪ್ರಾರ್ಥಿಸಿದ ಬಾಯಿಂದಲೇ "ಸುನಿ, ಮಾತ್ರೆ ತಗೊಂಡೆಯಾ" ಅಂತ ಕೇಳಿದರೆ ಅದು ಅವಿಶ್ವಾಸ ಅಲ್ಲ ಅಮ್ಮಾ.

ಕೂಟಕ್ಕೆ ಹೋಗಬೇಡ ಅಂತ ಹೇಳುತ್ತಿಲ್ಲ. ನಮ್ಮ ಕಷ್ಟಕಾಲದಲ್ಲಿ ಬಂದವರು ಅವರೇ. ಆದರೆ ಸುನಿಯ ಕಾಯಿಲೆಯನ್ನು "ಪ್ರಾರ್ಥನೆ ವಿಷಯ" ಅಂತ ಬೀದಿಗೆಲ್ಲ ಹಂಚಿದ್ದಾರೆ ಅಂತ ಚಿಕ್ಕಮ್ಮನ ಮಗಳು ಹೇಳಿದಳು. ಅವನು ಕೆಮ್ಮು ಬಂದಾಗಿನಿಂದ ಗೆಳೆಯರ ಹತ್ತಿರ ಹೋಗದೆ ಇರುವುದು ಅದಕ್ಕೇ. ಇಲ್ಲಿ ಡೀಟ್ರಿಚ್ ಬೋನ್‌ಹೋಫರ್ ಅಂತ ಒಬ್ಬ ಸಭಾಪಾಲಕರಿದ್ದರು, ಹಿಟ್ಲರನಿಗೆ ಎದುರು ನಿಂತವರು. 1935ರಲ್ಲಿ ಫಿಂಕೆನ್‌ವಾಲ್ಡೆ ಅನ್ನೋ ಕಡೆ ಸೇವೆಗೆ ಹೋಗುವ ಹುಡುಗರಿಗೆ ಪಾಠ ಮಾಡುತ್ತಿದ್ದಾಗ ಒಂದು ನಿಯಮ ಮಾಡಿದ್ದರು. ಯಾರ ವಿಷಯವನ್ನೂ ಅವರಿಲ್ಲದಾಗ ಆಡಬಾರದು, ಆಡಿಬಿಟ್ಟರೆ ಹೋಗಿ ಅವರಿಗೇ ಹೇಳಬೇಕು. ಸಹಾಯ ಮಾಡುವ ನೆಪದಲ್ಲಿ ಕೂಡ ಬೇಡ. ಎರಡು ವರ್ಷಕ್ಕೆ ಪೊಲೀಸರು ಆ ಶಾಲೆ ಮುಚ್ಚಿಸಿದರು, 1945ರ ಏಪ್ರಿಲ್ 9ರಂದು ಅವರನ್ನು ಫ್ಲೋಸೆನ್‌ಬ್ಯುರ್ಗ್‌ನಲ್ಲಿ ಗಲ್ಲಿಗೆ ಹಾಕಿದರು. ಆ ಊರು ನಾನಿರುವ ಬವೇರಿಯದಲ್ಲೇ ಇದೆ. ಅಷ್ಟು ದೊಡ್ಡ ಅನ್ಯಾಯದ ಕಾಲದಲ್ಲೂ ಇಷ್ಟು ಚಿಕ್ಕ ನಿಯಮಕ್ಕೆ ಅವರು ಬೆಲೆ ಕೊಟ್ಟರು ಅನ್ನೋದು ನನ್ನ ಮನಸ್ಸಿಗೆ ತುಂಬಾ ನಾಟಿದೆ. ಸುನಿಯ ವಿಷಯ ಹೇಳುವ ಮುಂಚೆ ಅವನನ್ನೇ ಕೇಳು, ಹೇಳಲಾ ಅಂತ.

ಅಲ್ಲಿ ಯಾರೂ ಚರ್ಚಿಗೆ ಹೋಗಲ್ಲವಂತೆ, ನೀನೂ ದೇವರನ್ನು ಮರೆತುಬಿಡುತ್ತೀಯ ಅಂತ ದೊಡ್ಡಪ್ಪ ಹೇಳಿದರು ಅಂತ ಬರೆದಿದ್ದೀಯ. ಇಲ್ಲ ಅಂತ ಹೇಳು. ನಾನಿರುವ ಕಡೆ ಎದುರಿಗೆ ಬಂದವರು ಹಲೋ ಅನ್ನುವುದಿಲ್ಲ, "ಗ್ರ್ಯೂಸ್ ಗೋಟ್" ಅನ್ನುತ್ತಾರೆ, ದೇವರು ನಿನ್ನನ್ನು ಹರಸಲಿ ಅನ್ನೋ ಹಾಗೆ. ಬೀಳ್ಕೊಡುವಾಗ ದೇವರು ಕಾಪಾಡಲಿ ಅಂತ. ಥ್ಯಾಂಕ್ಸ್ ಬದಲು ಹಳಬರು ದೇವರೇ ಇದನ್ನು ತೀರಿಸಲಿ ಅನ್ನುತ್ತಾರೆ. ಬಸ್ಸಿನ ಡ್ರೈವರ್ ಕೂಡ! ಅರ್ಥ ಯೋಚಿಸದೆ ಹೇಳುವವರೇ ಹೆಚ್ಚಿರಬಹುದು. ಆದರೂ ದಿನಕ್ಕೆ ಇಪ್ಪತ್ತು ಸಲ ಆಶೀರ್ವಾದ ಕೇಳಿಸಿಕೊಳ್ಳುತ್ತೇನೆ, ನಾನಂತೂ ಪ್ರತಿ ಸಲವೂ ನಿಜ ಅಂತಲೇ ತಗೊಳ್ಳುತ್ತೇನೆ. ದೊಡ್ಡಪ್ಪನಿಗೆ ಇದನ್ನು ಮರೆಯದೆ ಓದಿ ಹೇಳು.

ಭಾನುವಾರ ಆರಾಧನೆ ಮುಗಿಯುವಾಗ ಇಲ್ಲೂ ಅದೇ ಆಶೀರ್ವಾದ, ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. 1526ರಲ್ಲಿ ಮಾರ್ಟಿನ್ ಲೂಥರ್ ಜರ್ಮನ್ ಆರಾಧನೆಯ ಕ್ರಮ ಬರೆದಾಗಲೇ ಇದನ್ನು ಕೊನೆಗೆ ಇಟ್ಟರು. ಯೆರೂಸಲೇಮಿನ ಪಕ್ಕ ಒಂದು ಗವಿಸಮಾಧಿಯಲ್ಲಿ 1979ರಲ್ಲಿ ಬೆಳ್ಳಿಯ ಎರಡು ಪುಟ್ಟ ಸುರುಳಿ ಸಿಕ್ಕವಂತೆ, ಸುಮಾರು 2600 ವರ್ಷ ಹಳೆಯವು. ಹುಷಾರಾಗಿ ಬಿಚ್ಚಿ ನೋಡಿದರೆ ಒಳಗೆ ಅರಣ್ಯಕಾಂಡದ ಇದೇ ಆಶೀರ್ವಾದದ ಮಾತು ಕೆತ್ತಿತ್ತು. ಯಾರೋ ಅದನ್ನು ಮೈಮೇಲೆ ಕಟ್ಟಿಕೊಂಡು ತಿರುಗಿರಬೇಕು. ಗಮನಿಸಿದ್ದೀಯಾ, ಆ ವಚನಗಳಲ್ಲಿ ಯಾಜಕನು ತನ್ನ ಮಾತಿನಿಂದ ಏನೂ ಕೊಡುವುದಿಲ್ಲ. ಕೊಡುವವನು ಯೆಹೋವ, ಕಾಪಾಡುವವನು ಯೆಹೋವ. ಬಾಯಿ ಮಾತ್ರ ನಮ್ಮದು. ಇದು ತಿಳಿದ ಮೇಲೆ ನನಗೆ ಎಷ್ಟು ಹಗುರವಾಯಿತು ಅಂದರೆ, ನನ್ನ ಬಾಯಿ ತಪ್ಪಿದರೆ ಲೋಕ ಮುಳುಗುತ್ತದೆ ಅನ್ನೋ ಭಯವೇ ಹೋಯಿತು. ನಿನಗೂ ಹೋಗಲಿ.

ಇವತ್ತು ರಾತ್ರಿ ಊಟ ಆದಮೇಲೆ ಸುನಿಯ ಪಕ್ಕ ಹೋಗಿ ಕೂರು. ಅಪ್ಪನೂ ಬರಲಿ. ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆಗೆದಿರಲಿ. ಪ್ರಾರ್ಥನೆಯಿಂದ ಶುರು ಮಾಡಬೇಡ, ಪ್ರಾರ್ಥನೆಯೊಳಗೆ ದೇವರಿಗೆ ಹೇಳುವ ಹಾಗೆ ಅವನಿಗೆ ಹೇಳಬೇಡ, ಕೂಟದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಅವನ ಮುಖ ನೋಡಿ ಹೇಳು. "ಆವತ್ತು ನಿನಗೆ ಒಳ್ಳೇದಾಗಲ್ಲ ಅಂದೆ, ತಪ್ಪಾಯ್ತು ಮಗನೇ" ಅಂತ. ಸಿಟ್ಟಿನಲ್ಲಿ ಅಂದೆ, ನೀನೂ ಹಾಗೆ ಮಾಡಬಾರದಿತ್ತು, ಅಂತೆಲ್ಲ ಬಾಲ ಸೇರಿಸಬೇಡ. ಅವನು ಏನೂ ಹೇಳದೆ ಗೋಡೆ ಕಡೆ ತಿರುಗಬಹುದು. ತಿರುಗಲಿ. ನೀನು ಎದ್ದು ಹೋಗಬೇಡ.

ಆಮೇಲೆ ಅಪ್ಪ, ಇದು ನಿಮಗೆ. ನೀವು ನನ್ನ ತಲೆ ಮೇಲೆ ಕೈ ಇಟ್ಟ ಹಾಗೆ ಅವನ ತಲೆ ಮೇಲೂ ಇಡಿ. ಅವನಿಗೆ ನೀವು ಯಾವತ್ತೂ ಹಾಗೆ ಮಾಡಿದ್ದು ನಾನು ನೋಡಿಲ್ಲ. ಮಾತು ಹೊಳೆಯದಿದ್ದರೆ ಅರಣ್ಯಕಾಂಡ 6:24ರಿಂದ 26 ಓದಿ, ಅವನ ಹೆಸರು ಸೇರಿಸಿ ಓದಿ. ಮೂರೇ ವಚನ.

ದುಡ್ಡು ಶುಕ್ರವಾರ ಹಾಕಿದ್ದೇನೆ, ಸೋಮವಾರ ಬರಬಹುದು. ಸುನಿಯ ಡಾಕ್ಟರ್ ಚೀಟಿಯ ಫೋಟೊ ಇನ್ನೂ ಬಂದಿಲ್ಲ, ಎರಡೂ ಕಡೆ ತೆಗೆದು ಕಳಿಸಲು ಹೇಳು. ನನ್ನ ಬಗ್ಗೆ ಒಂದು ಚೂರೂ ಚಿಂತೆ ಬೇಡ, ನಾನು ನಿಜವಾಗಿಯೂ ಚೆನ್ನಾಗಿದ್ದೇನೆ, ತೂಕ ಕೂಡ ಜಾಸ್ತಿಯಾಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ, ಜೊತೆಗೆ ಕೆಲಸ ಮಾಡುವವರು ಒಳ್ಳೆಯವರು, ಈ ಸಲ ಚಳಿ ಅಷ್ಟೇನೂ ಇಲ್ಲ. ಪಾಳಿಗೆ ಹೊತ್ತಾಯಿತು, ಬಸ್ಸು ಹತ್ತು ನಿಮಿಷಕ್ಕೆ ಇದೆ. ಅಜ್ಜಿಯ ಕಣ್ಣಿನ ವಿಷಯ ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಸುನಿ ಬೆಳಿಗ್ಗೆ ಮಾತ್ರೆ ತಗೊಂಡ ಕೂಡಲೇ ನನಗೊಂದು ಮಿಸ್ ಕಾಲ್ ಕೊಡಲಿ. ದಿನಾ ಕೊಡಲಿ. ಇಲ್ಲಿ ಆಗ ರಾತ್ರಿ ಇನ್ನೂ ಕಳೆದಿರುವುದಿಲ್ಲ, ಪರವಾಗಿಲ್ಲ, ಎದ್ದಿರುತ್ತೇನೆ.

ನಿನ್ನ ಮಗಳು